ತೋಟದಲ್ಲಿ ಕೋರ್ಜೆಟ್ ಮಿತಿಮೀರಿ ಬಿಟ್ಟಿದೆ: ನಮ್ಮ ಅಡುಗೆಗೆ ಒಗ್ಗಿಸಿಕೊಳ್ಳುವ ಬಗೆ ಹೇಗೆ?

ರೆಡಿಂಗ್ ಹಿತ್ತಲು | ಆಗಸ್ಟ್ 3

ಎಲ್ಲರಿಗೂ ನಮಸ್ಕಾರ. ನಾನು ಇಂಗ್ಲೆಂಡಿನ ರೆಡಿಂಗ್‌ನಲ್ಲಿರುವವಳು. ಇಲ್ಲಿನ ಕೌನ್ಸಿಲ್‌ಗಳು ತರಕಾರಿ ಬೆಳೆದುಕೊಳ್ಳಲು ವರ್ಷದ ಬಾಡಿಗೆಗೆ ಕೊಡುವ ಅಲಾಟ್‌ಮೆಂಟ್ ನೆಲದಲ್ಲಿ ಅರ್ಧ ತುಂಡು, ಎಂದರೆ ಸುಮಾರು 125 ಚದರ ಮೀಟರ್, ಎರಡು ವರ್ಷ ಕಾದ ಮೇಲೆ ಈ ವಸಂತದಲ್ಲಿ ನಮ್ಮ ಪಾಲಿಗೆ ಬಂತು. ಇಬ್ಬನಿ ಹೆಪ್ಪುಗಟ್ಟುವ ಭಯ ಕಳೆದ ಮೇಲೆ, ಮೇ ತಿಂಗಳ ಕೊನೆಯ ವಾರದಲ್ಲಿ, ನಾಲ್ಕು ಕೋರ್ಜೆಟ್ ಸಸಿಗಳನ್ನು ನೆಟ್ಟೆ. ಬೆಂಗಳೂರಿನ ಅಂಗಡಿಗಳಲ್ಲಿ ಜುಕಿನಿ ಎಂದು ಮಾರುವುದು ಇದನ್ನೇ.

ಮನೆಯಲ್ಲಿರುವವರು ಮೂರು ಜನ. ಜುಲೈ ಮೊದಲ ವಾರದಿಂದ ಕೊಯ್ದ ಕಾಯಿಗಳ ತೂಕವನ್ನು ದಿನವೂ ಬರೆದಿಡುತ್ತಿದ್ದೇನೆ. ನಿನ್ನೆಗೆ 23 ಕಿಲೋ ದಾಟಿತು. ಅಕ್ಕಪಕ್ಕದ ತುಂಡುಗಳವರಿಗೆ ಕೊಡೋಣವೆಂದರೆ ಅವರ ಗಿಡಗಳೂ ಇದೇ ರೀತಿ ಬಿಟ್ಟಿವೆ. ಕಳೆದ ವಾರ ಐದು ದಿನ ಊರಿನಲ್ಲಿರಲಿಲ್ಲ. ಬಂದು ನೋಡಿದರೆ ಎಲೆಯ ಮರೆಯಲ್ಲಿ ಒಂದು ಕಾಯಿ ಎರಡೂವರೆ ಕಿಲೋ ತೂಗುವಷ್ಟು ಬೆಳೆದು ಮಲಗಿತ್ತು.

ಹಾಸನದಲ್ಲಿರುವ ನಮ್ಮ ಅತ್ತೆಯವರು ಫೋನಿನಲ್ಲಿ ಕಾಯಿಯನ್ನು ನೋಡಿ, “ಹೀರೇಕಾಯಿ ಅಂದುಕೊಂಡು ಮಾಡಮ್ಮ” ಎಂದರು. ಹಾಗೆಯೇ ಮಾಡಿದೆ. ಬೇಳೆಯ ಜೊತೆ ಕುಕ್ಕರಿನಲ್ಲಿ ಒಂದು ಸೀಟಿ ಕೂಗಿಸಿದ ಸಾಂಬಾರಿನಲ್ಲಿ ಹೋಳೇ ಉಳಿಯಲಿಲ್ಲ, ಹಸಿರು ಸಿಪ್ಪೆಯ ಚೂರುಗಳಷ್ಟೇ ತೇಲುತ್ತಿದ್ದವು. ಪಲ್ಯ ಮಾಡಿದರೆ ಬಾಣಲೆಯ ತುಂಬ ನೀರು ಬಿಟ್ಟುಕೊಂಡು ಒಗ್ಗರಣೆಯ ಸಾಸಿವೆ, ಕಡಲೆಬೇಳೆಯೆಲ್ಲ ಅದರಲ್ಲಿ ನೆನೆದು ಮೆತ್ತಗಾಯಿತು. ಇಲ್ಲಿನವರು ಮಾಡುವ ಸೂಪು, ಕೇಕು, ಚೀಸ್ ಹಾಕಿದ ಬೇಕ್ ಎಲ್ಲವನ್ನೂ ಮಾಡಿ ನೋಡಿದ್ದೇನೆ, ಚೆನ್ನಾಗಿಯೇ ಇವೆ. ಆದರೆ ನಾನೇ ಬಿತ್ತಿ, ನೀರೆರೆದು, ಬಸವನಹುಳುಗಳಿಂದ ಕಾಪಾಡಿಕೊಂಡು ಬೆಳೆದ ಕಾಯಿಯನ್ನು ದಿನವೂ ನಮ್ಮ ಅನ್ನ, ದೋಸೆ, ರೊಟ್ಟಿಯ ಜೊತೆ ಉಣ್ಣಬೇಕೆಂಬ ಆಸೆ ನನ್ನದು. ದಯವಿಟ್ಟು ಅನುಭವಸ್ಥರು ತಿಳಿಸಿಕೊಡಿ.

ತೀರ್ಥಹಳ್ಳಿ ಒಲೆ | ಆಗಸ್ಟ್ 3

ಅಕ್ಕನವರಿಗೆ ನಮಸ್ಕಾರ. ನಾನು ಈ ಕಾಯಿಯನ್ನು ಬೆಳೆದವಳಲ್ಲ, ಆದರೆ ಮಗಳ ಬಾಣಂತನಕ್ಕೆಂದು ಬೆಂಗಳೂರಿನಲ್ಲಿದ್ದ ಮೂರು ತಿಂಗಳಲ್ಲಿ ವಾರಕ್ಕೆರಡು ಬಾರಿಯಾದರೂ ಇದನ್ನು ಅಡುಗೆಗೆ ಬಳಸಿದ್ದೇನೆ. ನನಗೆ ಕಂಡ ಮಟ್ಟಿಗೆ, ಇದನ್ನು ಹೀರೇಕಾಯಿ ಎಂದುಕೊಂಡರೂ ಸೋರೆಕಾಯಿ ಎಂದುಕೊಂಡರೂ ಅರ್ಧ ದಾರಿಯಷ್ಟೇ ಸಾಗಬಹುದು. ಅವೆರಡಕ್ಕಿಂತಲೂ ಇದು ಬೇಗ ಬೇಯುತ್ತದೆ, ಮತ್ತು ತೂಕದಲ್ಲಿ ನೂರಕ್ಕೆ 95ರಷ್ಟು ನೀರೇ ಇರುತ್ತದೆ. ಆದ್ದರಿಂದ ಒಲೆ ಹಚ್ಚುವ ಮೊದಲೇ, ಈ ಕಾಯಿಯ ನೀರು ಇವತ್ತಿನ ಅಡುಗೆಗೆ ಬೇಕೋ ಬೇಡವೋ ಎಂಬುದನ್ನು ತೀರ್ಮಾನಿಸಿಕೊಳ್ಳಬೇಕು. ಬೇಕಾದ ಕಡೆ ಹನಿ ನೀರನ್ನೂ ಹೊರಗಿನಿಂದ ಹಾಕಬಾರದು.

ನಮ್ಮ ಕಡೆಯ ಸೌತೆಕಾಯಿ ದೋಸೆಯನ್ನು ಇದರಲ್ಲಿ ಮಾಡಿ ನೋಡಿ. 400 ಗ್ರಾಂ ದೋಸೆ ಅಕ್ಕಿಯನ್ನು ನಾಲ್ಕೈದು ಗಂಟೆ ನೆನೆಸಿ, ನೀರನ್ನು ಪೂರ್ತಿ ಬಸಿಯಿರಿ. ಅರ್ಧ ಕಿಲೋ ಕಾಯಿಯನ್ನು ಸಿಪ್ಪೆ ಸಮೇತ ಹೆಚ್ಚಿ, ಒಂದು ಹಿಡಿ ಕಾಯಿತುರಿ, ಎರಡು ಹಸಿಮೆಣಸಿನಕಾಯಿ, ಉಪ್ಪಿನೊಂದಿಗೆ ಮೊದಲು ಅದನ್ನು ಮಾತ್ರ ಮಿಕ್ಸಿಗೆ ಹಾಕಿ. ಉಪ್ಪು ಬಿದ್ದ ಕೂಡಲೇ ಅದು ನೀರೊಡೆದು ತೆಳ್ಳಗಾಗುತ್ತದೆ. ಆ ನೀರಿನಲ್ಲೇ ಅಕ್ಕಿಯನ್ನು ಸೇರಿಸಿ ನುಣ್ಣಗೆ ರುಬ್ಬಿ. ಹುಳಿ ಬರಿಸುವ ಅಗತ್ಯವಿಲ್ಲ. ಕಾದ ಕಬ್ಬಿಣದ ಕಾವಲಿಗೆ ಹೊಯ್ದು ಮುಚ್ಚಳ ಮುಚ್ಚಿ ಬೇಯಿಸಿದರೆ ತಿಳಿಹಸಿರು ಬಣ್ಣದ ಮೆತ್ತನೆಯ ದೋಸೆಯಾಗುತ್ತದೆ. ಮೊದಲ ದೋಸೆ ಕಾವಲಿಗೆ ಅಂಟಿದರೆ ಹಿಟ್ಟು ತೆಳ್ಳಗಾಗಿದೆ ಎಂದು ತಿಳಿದು ಎರಡು ಚಮಚ ಅಕ್ಕಿಹಿಟ್ಟು ಬೆರೆಸಿಕೊಳ್ಳಿ. ಜೊತೆಗೆ ಬೆಲ್ಲ ಕಲಸಿದ ಕಾಯಿತುರಿ ಇದ್ದರೆ ಸಾಕು. ಮೂವರ ತಿಂಡಿಗೆ ಅರ್ಧ ಕಿಲೋ ಖರ್ಚಾಯಿತು.

ಅಕ್ಕಿ ರೊಟ್ಟಿಗೂ ಇದೇ ಮಾತು ಅನ್ವಯಿಸುತ್ತದೆ. ತುರಿದ ಕಾಯಿಗೆ ಉಪ್ಪು, ಜೀರಿಗೆ, ಸಬ್ಬಸಿಗೆ ಸೊಪ್ಪು ಬೆರೆಸಿ ಹತ್ತು ನಿಮಿಷ ಬಿಡಿ, ಆಮೇಲೆ ಅದು ಬಿಟ್ಟ ನೀರು ಎಷ್ಟು ಹಿಟ್ಟನ್ನು ಕುಡಿಯುತ್ತದೋ ಅಷ್ಟನ್ನು ಮಾತ್ರ ಹಾಕಿ ಕಲಸಿ.

ಧಾರವಾಡದ ಹಂಚು | ಆಗಸ್ಟ್ 4

ತೀರ್ಥಹಳ್ಳಿಯ ಅಕ್ಕಾರು ಹೇಳಿದ್ದು ದೋಸೆಗೆ, ರೊಟ್ಟಿಗೆ ಸರಿ. ಆದರೆ ಪಲ್ಯದ ವಿಷಯದಲ್ಲಿ ನೀರನ್ನು ಹಿಂಡಿ ತೆಗೆಯದೆ ಗತ್ಯಂತರವಿಲ್ಲ ಎಂಬುದು ನನ್ನ ಅಭಿಪ್ರಾಯ. ತುರಿದು, ಉಪ್ಪು ಸವರಿ, ಕಾಲು ಗಂಟೆ ಬಿಟ್ಟು, ತೆಳು ಬಟ್ಟೆಯಲ್ಲಿ ಕಟ್ಟಿ ಹಿಂಡಿದರೆ ಒಂದು ಕಿಲೋ ಕಾಯಿ ಅರ್ಧಕ್ಕಿಂತಲೂ ಕಡಿಮೆಯಾಗುತ್ತದೆ. ಹಾಗೆ ಹಿಂಡಿದ ತುರಿಯಿಂದ ಮಾಡಿದ ಝುಣಕ ಬಿಡಿಬಿಡಿಯಾಗಿ ಬರುತ್ತದೆ: ಎಣ್ಣೆಯಲ್ಲಿ ಸಾಸಿವೆ, ಜೀರಿಗೆ, ಜಜ್ಜಿದ ಬಳ್ಳೊಳ್ಳಿ, ಹಸಿಮೆಣಸಿನಕಾಯಿಯ ಒಗ್ಗರಣೆ ಕೊಟ್ಟು, ತುರಿಯನ್ನು ಹುರಿದು, ಮೇಲಿನಿಂದ ಕಡಲೆಹಿಟ್ಟನ್ನು ಉದುರಿಸುತ್ತ ಕೈಯಾಡಿಸಿ, ಸಣ್ಣ ಉರಿಯಲ್ಲಿ ಮುಚ್ಚಿಡಬೇಕು. ಹಿಂಡಿದ ನೀರನ್ನು ಚೆಲ್ಲುವ ಮಾತೇ ಇಲ್ಲ. ಅದರಲ್ಲಿ ಜೋಳದ ಹಿಟ್ಟು, ಕಡಲೆಹಿಟ್ಟು, ಅಜವಾನ, ಉಳ್ಳಾಗಡ್ಡಿ ಕಲಸಿ ಅದೇ ಹೊತ್ತಿಗೆ ಥಾಲಿಪೆಟ್ಟು ತಟ್ಟಬಹುದು. ನೀರಿನಲ್ಲಿ ಉಪ್ಪು ಇರುವುದರಿಂದ ಹಿಟ್ಟಿಗೆ ಬೇರೆ ಉಪ್ಪು ಹಾಕುವ ಮುನ್ನ ರುಚಿ ನೋಡಿಕೊಳ್ಳಬೇಕು, ಅಷ್ಟೇ.

ಹಿಂಡದೆ ಮಾಡಬಹುದಾದ ಒಂದು ಪಲ್ಯ ನಮ್ಮ ತುಂಬಗಾಯಿ. ಗೇಣಿಗಿಂತ ಚಿಕ್ಕದಾದ ಎಳೆಯ ಕಾಯಿಗಳನ್ನು ಎರಡು ಬೆರಳುದ್ದಕ್ಕೆ ಕತ್ತರಿಸಿ, ಬದನೆಕಾಯಿಯನ್ನು ಸೀಳಿದಂತೆ ಒಂದು ತುದಿಯಿಂದ ನಾಲ್ಕಾಗಿ ಸೀಳಿ. ಹುರಿದ ಶೇಂಗಾ ಪುಡಿ, ಗುರೆಳ್ಳು ಪುಡಿ, ಒಣಕೊಬ್ಬರಿ, ಮಸಾಲೆ ಖಾರ, ಸ್ವಲ್ಪ ಹುಣಸೆ, ಬೆಲ್ಲ, ಉಪ್ಪು ಕಲಸಿ ಒತ್ತಿ ತುಂಬಿ. ಕಾಯಿ ಬಿಡುವ ನೀರನ್ನೆಲ್ಲ ಶೇಂಗಾ ಮತ್ತು ಗುರೆಳ್ಳಿನ ಪುಡಿಗಳು ಹೀರಿಕೊಳ್ಳುವುದರಿಂದ, ಬದನೆಕಾಯಿಗೆ ಹಾಕುವಂತೆ ಮೇಲೆ ನೀರು ಹಾಕದಿದ್ದರೂ ಗಟ್ಟಿಯಾದ ರಸ ತಾನಾಗಿಯೇ ಕೂಡುತ್ತದೆ. ಅಗಲ ಬಾಣಲೆಯಲ್ಲಿ ಒಂದೇ ಪದರಾಗಿ ಜೋಡಿಸಿ, ಎಂಟು ಹತ್ತು ನಿಮಿಷಕ್ಕೆ ಇಳಿಸಿ. ಬಿಸಿ ಜೋಳದ ರೊಟ್ಟಿಗೆ ಇದಕ್ಕಿಂತ ಒಳ್ಳೆಯ ಜೊತೆ ನನಗೆ ತಿಳಿಯದು.

ಮಿಲ್ಪಿಟಾಸ್ ಮನೆ | ಆಗಸ್ಟ್ 4

ಕ್ಯಾಲಿಫೋರ್ನಿಯಾದ ಬೇಸಿಗೆಯಲ್ಲಿ ನಾವೂ ಹನ್ನೊಂದು ವರ್ಷಗಳಿಂದ ಇದನ್ನು ಬೆಳೆಯುತ್ತಿದ್ದೇವೆ. ಈ ಕಾಯಿಯ ಸಮೃದ್ಧಿ ಅಮೆರಿಕದಲ್ಲಿ ಎಷ್ಟು ಚಿರಪರಿಚಿತವೆಂದರೆ, ಆಗಸ್ಟ್ 8ನ್ನು ನೆರೆಯವರ ಬಾಗಿಲಲ್ಲಿ ಸದ್ದಿಲ್ಲದೆ ಜುಕಿನಿ ಇಟ್ಟುಬರುವ ದಿನವೆಂದು ಆಚರಿಸುವವರಿದ್ದಾರೆ.

ಸಾಂಬಾರಿನಲ್ಲಿ ಹೋಳು ಕರಗುವುದಕ್ಕೆ ನನ್ನ ಪರಿಹಾರ ಹೀಗಿದೆ. ನಮ್ಮ ಮನೆಗಳಲ್ಲಿ ತರಕಾರಿ ಬೆಂದ ಮೇಲೆಯೇ ಹುಣಸೆಹಣ್ಣಿನ ರಸ ಹಾಕಬೇಕು, ಮೊದಲೇ ಹಾಕಿದರೆ ಹೋಳು ಬೇಯುವುದಿಲ್ಲ ಎಂದು ಹಿರಿಯರು ಹೇಳುತ್ತಾರಲ್ಲವೇ? ಹುಳಿಯ ಅಂಶವಿದ್ದಲ್ಲಿ ತರಕಾರಿಯ ಗೋಡೆಗಳನ್ನು ಹಿಡಿದಿಟ್ಟಿರುವ ಪೆಕ್ಟಿನ್ ನಿಧಾನವಾಗಿ ಕರಗುವುದೇ ಇದಕ್ಕೆ ಕಾರಣ. ಗೆಡ್ಡೆಕೋಸಿಗೂ ಬೀನ್ಸಿಗೂ ತೊಡಕಾಗುವ ಆ ಗುಣವೇ ಇಲ್ಲಿ ಉಪಕಾರಕ್ಕೆ ಬರುತ್ತದೆ. ಬೇಳೆಯನ್ನು ಬೇರೆಯಾಗಿ ಬೇಯಿಸಿಕೊಂಡು, ಹುಣಸೆರಸ, ಉಪ್ಪು, ಸಾಂಬಾರು ಪುಡಿಯನ್ನು ಮೊದಲು ಚೆನ್ನಾಗಿ ಕುದಿಸಿ, ಬೇಳೆ ಸೇರಿಸಿ, ಕೊನೆಯಲ್ಲಿ ಹೆಬ್ಬೆರಳು ಗಾತ್ರದ ಹೋಳುಗಳನ್ನು ಹಾಕಿ ನಾಲ್ಕು ನಿಮಿಷಕ್ಕೆ ಒಲೆ ಆರಿಸಿ. ಪಾತ್ರೆಯ ಬಿಸಿಗೇ ಉಳಿದದ್ದು ಬೇಯುತ್ತದೆ. ಕುಕ್ಕರಿಗೆ ಈ ಕಾಯಿಯನ್ನು ಎಂದಿಗೂ ಹಾಕಬೇಡಿ.

ಒಣ ಪಲ್ಯಕ್ಕೆ ಧಾರವಾಡದವರಂತೆ ಹಿಂಡುವುದು ಒಂದು ದಾರಿ, ಹಿಂಡದೆಯೂ ಸಾಧ್ಯವಿದೆ. ಕಬ್ಬಿಣದ ಬಾಣಲೆಯನ್ನು ಹೊಗೆಯಾಡುವಷ್ಟು ಕಾಯಿಸಿ, ದಪ್ಪ ಹೋಳುಗಳನ್ನು ಒಂದರ ಮೇಲೊಂದು ಬೀಳದಂತೆ ಹರಡಿ, ಮುಚ್ಚದೆ, ಉಪ್ಪು ಹಾಕದೆ, ಕೆಳಭಾಗ ಕೆಂಪಗಾಗುವವರೆಗೂ ಮುಟ್ಟದೆ ಬಿಡಬೇಕು. ಒಮ್ಮೆಗೆ ಹೆಚ್ಚು ಹಾಕಿದರೆ ಹೋಳುಗಳ ಆವಿಯಲ್ಲಿ ಅವೇ ಬೆಂದು ಮೆತ್ತಗಾಗುತ್ತವೆ. ಒಂದು ಕಿಲೋವನ್ನು ಮೂರು ಸರದಿಯಲ್ಲಿ ಹುರಿಯಿರಿ. ಉಪ್ಪು, ಚಟ್ನಿಪುಡಿ, ಕಾಯಿತುರಿ ಎಲ್ಲವೂ ಒಲೆ ಆರಿದ ಮೇಲೆ.

ಇನ್ನೊಂದು ಮಾತು: ಇಳುವರಿಯನ್ನು ತಗ್ಗಿಸಲು ಹೂಗಳನ್ನೇ ಕೊಯ್ಯಿರಿ. ತೆಳು ದಂಟಿನ ಮೇಲೆ ನಿಲ್ಲುವುದು ಗಂಡು ಹೂ, ಹಿಂಬದಿಯಲ್ಲಿ ಪುಟ್ಟ ಕಾಯಿ ಇರುವುದು ಹೆಣ್ಣು ಹೂ. ಬೆಳಗಿನ ಹೊತ್ತು ಅರಳಿರುವಾಗಲೇ ಹೆಣ್ಣು ಹೂಗಳನ್ನು ಎಳೆಗಾಯಿಯ ಸಮೇತ ಕೊಯ್ದು, ಒಳಗೆ ದುಂಬಿಯೋ ಇರುವೆಯೋ ಇದೆಯೇ ಎಂದು ಕೊಡವಿ ನೋಡಿ, ಅಕ್ಕಿಹಿಟ್ಟು ಬೆರೆಸಿದ ತೆಳು ಕಡಲೆಹಿಟ್ಟಿನಲ್ಲಿ ಅದ್ದಿ ಕರಿದರೆ ಕುಂಬಳ ಹೂವಿನ ಬಜ್ಜಿಯದೇ ರುಚಿ.

ರೆಡಿಂಗ್ ಹಿತ್ತಲು | ಆಗಸ್ಟ್ 7

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಮೂರು ದಿನಗಳಲ್ಲಿ ನಾಲ್ಕು ಅಡುಗೆಗಳನ್ನು ಮಾಡಿದೆ. ದೋಸೆಯ ಹಿಟ್ಟು ಒಂದು ತೊಟ್ಟು ನೀರೂ ಇಲ್ಲದೆ ರುಬ್ಬಿಕೊಂಡದ್ದನ್ನು ಕಣ್ಣಾರೆ ನೋಡುವವರೆಗೆ ನನಗೆ ನಂಬಿಕೆ ಬಂದಿರಲಿಲ್ಲ. ಮುಚ್ಚಳ ತೆಗೆದಾಗ ಬಂದ ಹಸಿ ಸೌತೆಯಂತಹ ಪರಿಮಳಕ್ಕೆ ನಮ್ಮ ಯಜಮಾನರು ಅಡುಗೆಮನೆಗೇ ಬಂದು, ಒಲೆಯ ಪಕ್ಕ ನಿಂತುಕೊಂಡೇ ಎರಡು ದೋಸೆ ತಿಂದರು. ಸಾಂಬಾರಿನಲ್ಲಿ ಹೋಳುಗಳು ಮರುದಿನ ಬಿಸಿ ಮಾಡಿದಾಗಲೂ ಹಾಗೆಯೇ ಉಳಿದಿದ್ದವು. ತುಂಬಗಾಯಿಗೆ ಗುರೆಳ್ಳು ಸಿಗಲಿಲ್ಲ. ಕರಿ ಎಳ್ಳು ಹಾಕಿದೆ, ಕೊಂಚ ಕಹಿಯೆನಿಸಿತು, ಮುಂದಿನ ಬಾರಿ ಶೇಂಗಾ ಮಾತ್ರ ಹಾಕುತ್ತೇನೆ.

ಆ ಎರಡೂವರೆ ಕಿಲೋದ ಕಾಯಿ ಇನ್ನೂ ಹಾಗೆಯೇ ಇದೆ. ಇಲ್ಲಿ ಅಷ್ಟು ಬೆಳೆದದ್ದನ್ನು ಮ್ಯಾರೋ ಎನ್ನುತ್ತಾರೆ. ಉಗುರು ಚುಚ್ಚಿದರೆ ಸಿಪ್ಪೆಗೆ ಇಳಿಯುವುದಿಲ್ಲ. ನಮ್ಮ ಅಜ್ಜಿ ಒಳ್ಳೆಯ ಸೌತೆಕಾಯಿಯೊಂದನ್ನು ಬೀಜಕ್ಕೆಂದು ಬಿಟ್ಟು, ಬೀಜಗಳಿಗೆ ಬೂದಿ ಸವರಿ, ಸಗಣಿಯ ಜೊತೆ ಗೋಡೆಗೆ ತಟ್ಟಿಡುತ್ತಿದ್ದರು. ಇದರ ಬೀಜವನ್ನೂ ಮುಂದಿನ ವರ್ಷಕ್ಕೆ ಉಳಿಸಿಕೊಳ್ಳೋಣವೆಂದಿದ್ದೇನೆ. ಉಳಿದ ತಿರುಳನ್ನು ಏನು ಮಾಡಲಿ?

ಸಸ್ಯಶಾಸ್ತ್ರದ ಮೇಷ್ಟ್ರು | ಆಗಸ್ಟ್ 7

ತಾಯಿ, ಬೀಜ ಉಳಿಸುವ ಮೊದಲು ದಯವಿಟ್ಟು ಇದನ್ನು ಪೂರ್ತಿ ಓದಿ. ಇದು ಆರೋಗ್ಯಕ್ಕೆ ಸಂಬಂಧಿಸಿದ ವಿಷಯವಾದ್ದರಿಂದ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ.

ಕೋರ್ಜೆಟ್ ಕುಂಬಳದ ಕುಲಕ್ಕೆ ಸೇರಿದ್ದು. ಫ್ರೆಂಚಿನ ಕೋರ್ಜೆಟ್, ಇಟಲಿಯ ಜುಕಿನಿ ಎರಡಕ್ಕೂ ಪುಟ್ಟ ಕುಂಬಳ ಎಂದೇ ಅರ್ಥ. ಮೂಲ ಅಮೆರಿಕ ಖಂಡದ್ದಾದರೂ, ಇಂದು ನಾವು ಕಾಣುವ ಉದ್ದನೆಯ ಎಳೆಗಾಯಿಯ ತಳಿ 19ನೇ ಶತಮಾನದ ಕೊನೆಗೆ ಇಟಲಿಯ ಮಿಲಾನ್ ಸುತ್ತಮುತ್ತ ರೂಪುಗೊಂಡಿತು. ಇದರ ಸಸ್ಯಶಾಸ್ತ್ರೀಯ ಹೆಸರು ಕುಕುರ್ಬಿಟಾ ಪೆಪೊ. ಅಲಂಕಾರಕ್ಕೆಂದು ಬೆಳೆಯುವ ಬಣ್ಣಬಣ್ಣದ ಪುಟ್ಟ ಗಟ್ಟಿ ಕುಂಬಳಗಳೂ ಹೆಚ್ಚಾಗಿ ಇದೇ ಪ್ರಭೇದದವು. ಆದ್ದರಿಂದ ಜೇನುನೊಣ ಇವುಗಳ ನಡುವೆ ಪರಾಗ ಸಾಗಿಸಿದರೆ ಸುಲಭವಾಗಿ ಬೆರಕೆಯಾಗುತ್ತದೆ. ನಿಮ್ಮ ಅಜ್ಜಿಯ ಸೌತೆಕಾಯಿ ಬೇರೆಯೇ ಕುಲದ್ದು. ಅದು ಕುಂಬಳದೊಂದಿಗೆ ಬೆರೆಯುವುದಿಲ್ಲ.

ಕುಂಬಳದ ಕಾಡು ಸಂಬಂಧಿಗಳಲ್ಲಿ, ಅಲಂಕಾರದ ತಳಿಗಳಲ್ಲಿ ಕುಕುರ್ಬಿಟಾಸಿನ್ ಎಂಬ ಅತಿ ಕಹಿಯಾದ ವಿಷಪದಾರ್ಥ ಇರುತ್ತದೆ. ತಲೆಮಾರುಗಳ ಆಯ್ಕೆಯಿಂದ ತಿನ್ನುವ ತಳಿಗಳಲ್ಲಿ ಅದನ್ನು ಹೆಚ್ಚುಕಡಿಮೆ ಇಲ್ಲವಾಗಿಸಲಾಗಿದೆ. ಈ ವರ್ಷ ನಿಮ್ಮ ಗಿಡಕ್ಕೆ ಪಕ್ಕದ ತೋಟದ ಅಲಂಕಾರದ ಕುಂಬಳದ ಪರಾಗ ತಗುಲಿದ್ದರೆ, ಈ ಕಾಯಿಯ ತಿರುಳಿಗೆ ಅದರಿಂದ ಏನೂ ಆಗುವುದಿಲ್ಲ. ಆದರೆ ಒಳಗಿನ ಬೀಜದಿಂದ ಮುಂದಿನ ವರ್ಷ ಹುಟ್ಟುವ ಗಿಡದ ಕಾಯಿಯಲ್ಲಿ ಕಹಿ ಮರಳಿ ಬರಬಹುದು. ಹೊರನೋಟಕ್ಕೆ ಅದು ಒಳ್ಳೆಯ ಕೋರ್ಜೆಟ್ಟಿನಂತೆಯೇ ಕಾಣಬಹುದು. ಹತ್ತಾರು ಜನರು ಬೆರಳಂಚಿನ ದೂರದಲ್ಲಿ ಬಗೆಬಗೆಯ ಕುಂಬಳಗಳನ್ನು ಬೆಳೆಯುವ ಅಲಾಟ್‌ಮೆಂಟಿನಲ್ಲಿ ಈ ಸಾಧ್ಯತೆ ಹೆಚ್ಚು.

2015ರಲ್ಲಿ ಜರ್ಮನಿಯ ಹೈಡನ್‌ಹೈಮ್‌ನಲ್ಲಿ 79 ವರ್ಷದ ಹಿರಿಯರೊಬ್ಬರು ಮನೆಯ ತೋಟದಲ್ಲಿ ಬೆಳೆದ ಜುಕಿನಿಯ ಅಡುಗೆಯನ್ನು ಉಂಡು ಈ ವಿಷದಿಂದ ತೀರಿಕೊಂಡರು. ನಮ್ಮಲ್ಲಿಯೂ ಕಹಿ ಸೋರೆಕಾಯಿ ರಸ ಕುಡಿದು ಸಾವುಗಳು ಸಂಭವಿಸಿದ ಮೇಲೆ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ತಜ್ಞರ ಸಮಿತಿಯು ಕಹಿಯಾದ ರಸವನ್ನು ಕುಡಿಯಲೇಬಾರದೆಂದು ಎಚ್ಚರಿಸಿತ್ತು. ಬೇಯಿಸಿದರೆ ಈ ವಿಷ ಹೋಗುವುದಿಲ್ಲ. ಬೆಲ್ಲ, ಹುಣಸೆ, ಖಾರ ಹಾಕಿದರೆ ಕಹಿ ಮರೆಯಾಗಬಹುದಷ್ಟೇ, ಮತ್ತು ಅದು ಇನ್ನೂ ಅಪಾಯಕಾರಿ.

ಆದ್ದರಿಂದ ಎರಡು ವಿನಂತಿ. ಬೀಜವನ್ನು ಪ್ರತಿ ವರ್ಷವೂ ಹೊಸದಾಗಿ ಕೊಳ್ಳಿ. ಗೊಬ್ಬರದ ಗುಂಡಿಯಲ್ಲಿ ತಾನಾಗಿ ಹುಟ್ಟಿದ ಕುಂಬಳ ಜಾತಿಯ ಸಸಿಗಳನ್ನು ಕಿತ್ತುಹಾಕಿ. ಕೊಂಡ ಬೀಜದ ವಿಷಯದಲ್ಲೂ, ಪ್ರತಿ ಕಾಯಿಯ ಒಂದು ಚಿಕ್ಕ ಹಸಿ ಚೂರನ್ನು ನಾಲಿಗೆಯ ಮೇಲಿಟ್ಟು ನೋಡಿದ ಮೇಲೆಯೇ ಪಾತ್ರೆಗೆ ಹಾಕಿ. ಕಹಿಯಿದ್ದರೆ ಉಗುಳಿ ಬಾಯಿ ತೊಳೆದುಕೊಂಡು, ಆ ಗಿಡವನ್ನೇ ತೆಗೆದುಬಿಡಿ.

ತೀರ್ಥಹಳ್ಳಿ ಒಲೆ | ಆಗಸ್ಟ್ 8

ಮೇಷ್ಟ್ರೇ, ಒಂದು ಸಂದೇಹ. ಮುಳ್ಳುಸೌತೆಯ ತೊಟ್ಟಿನ ತುದಿಯನ್ನು ಕತ್ತರಿಸಿ, ಆ ತುಂಡಿನಿಂದಲೇ ಕತ್ತರಿಸಿದ ಜಾಗವನ್ನು ನೊರೆ ಬರುವ ತನಕ ಉಜ್ಜಿ ಕಹಿ ತೆಗೆಯುವುದು ನಮ್ಮಲ್ಲಿ ರೂಢಿ. ಇಲ್ಲಿಯೂ ಹಾಗೆ ಮಾಡಬಹುದೇ?

ಸಸ್ಯಶಾಸ್ತ್ರದ ಮೇಷ್ಟ್ರು | ಆಗಸ್ಟ್ 8

ಮಾಡಿದರೆ ಅದನ್ನು ನಂಬಿ ತಿನ್ನಬಾರದು, ಅಮ್ಮ. ಉಜ್ಜುವುದರಿಂದ ತೊಟ್ಟಿನ ಬಳಿಯ ಒಂದಿಷ್ಟು ರಸ ಹೊರಬರಬಹುದು. ತಿರುಳಿನ ತುಂಬ ಹರಡಿದ ಕಹಿಯನ್ನು ಅದು ಮುಟ್ಟುವುದಿಲ್ಲ. ಕಾಯಿ ಹೆಚ್ಚುವಾಗ ಹಿರಿಯರು ತುದಿಯ ಚೂರನ್ನು ಕಚ್ಚಿ ನೋಡುತ್ತಿದ್ದರಲ್ಲ, ಆ ಅಭ್ಯಾಸವನ್ನು ಉಳಿಸಿಕೊಳ್ಳಿ.

ಪುತ್ತೂರು ಅಟ್ಟ | ಆಗಸ್ಟ್ 9

ಬಲಿತ ಕಾಯಿಯ ಬಗ್ಗೆ ನಾನು ಹೇಳುತ್ತೇನೆ. ನಮ್ಮಲ್ಲಿ ಬೇಸಿಗೆಯ ಗದ್ದೆಯ ಸೌತೆ ಒಮ್ಮೆಲೇ ಕ್ವಿಂಟಲ್‌ಗಟ್ಟಲೆ ಬರುವುದರಿಂದ, ಹೆಚ್ಚಾದ ಕಾಯಿಯನ್ನು ಹೇಗೆ ಸಂಭಾಳಿಸಬೇಕೆಂಬುದು ಮನೆಮನೆಯ ವಿದ್ಯೆ. ಪೂರ್ತಿ ಬಲಿತು ಬಣ್ಣ ಬಂದ ಸೌತೆಯನ್ನು ಬಾಳೆನಾರಿನಲ್ಲಿ ಹೆಣೆದು ಅಟ್ಟದ ಅಡಿಯಲ್ಲಿ ಒಂದಕ್ಕೊಂದು ತಾಗದಂತೆ ತೂಗುಹಾಕಿದರೆ ಮಳೆಗಾಲದ ಉದ್ದಕ್ಕೂ ಹುಳಿಗೆ, ಸಾಂಬಾರಿಗೆ ಒದಗುತ್ತದೆ. ಊರಿನ ದೇವಸ್ಥಾನದಲ್ಲಿ ಬ್ರಹ್ಮಕಲಶೋತ್ಸವವಾದರೆ ಹೊರೆಕಾಣಿಕೆಯ ಮೆರವಣಿಗೆಯಲ್ಲಿ ತೆಂಗಿನಕಾಯಿ, ಅಕ್ಕಿ, ಕುಂಬಳದ ಜೊತೆ ಸೌತೆಯೂ ವಾಹನ ತುಂಬ ಹೋಗುತ್ತದೆ.

ಅಕ್ಕ, ನಿಮ್ಮ ಮ್ಯಾರೋವಿನ ಸಿಪ್ಪೆಗೆ ಉಗುರು ಇಳಿಯುತ್ತಿಲ್ಲವೆಂದರೆ ಅದು ಕೆಲವು ವಾರ ಇರುವ ಕಾಯಿ. ತೊಟ್ಟು ಮುರಿಯದಂತೆ, ನೆಲ ತಾಗಿ ತೇವವಾಗದಂತೆ, ತಂಪಾದ ಗಾಳಿಯಾಡುವ ಜಾಗದಲ್ಲಿ ಬಲೆಯ ಚೀಲದಲ್ಲಿ ತೂಗುಹಾಕಿ. ಎಳೆಯ ಕೋರ್ಜೆಟ್ಟಿಗೆ ಈ ಉಪಾಯ ನಡೆಯುವುದಿಲ್ಲ. ಅದು ಫ್ರಿಜ್ಜಿನಲ್ಲಿಟ್ಟರೂ ವಾರದೊಳಗೆ ಬಾಡುತ್ತದೆ.

ಅಡುಗೆಗೆ ತೆಗೆದಾಗ ಸಿಪ್ಪೆಯನ್ನು ದಪ್ಪವಾಗಿ ಹೆರೆದು, ಬೀಜ ಮತ್ತು ಅದರ ಸುತ್ತಲಿನ ನಾರನ್ನು ಸೌಟಿನ ಅಂಚಿನಿಂದ ಕೆರೆದು ತೆಗೆಯಿರಿ. ಇನ್ನು ಉಳಿಯುವ ಬಿಳಿಯ ತಿರುಳು ನೋಟಕ್ಕೂ ನಡತೆಗೂ ನಮ್ಮ ಬಣ್ಣದ ಸೌತೆಯ ಹಾಗೆಯೇ ಇದೆ. ಬೆಳ್ಳುಳ್ಳಿ ಒಗ್ಗರಣೆಯ ಬೋಳುಹುಳಿ ಇದಕ್ಕೆ ಹೇಳಿ ಮಾಡಿಸಿದಂತಿರುತ್ತದೆ. ಆದರೆ ನಾನು ಒತ್ತಾಯಿಸಿ ಹೇಳುವುದು ಕಡುಬು. ಎರಡು ಲೋಟ ತುರಿದ ತಿರುಳನ್ನು ಮುಕ್ಕಾಲು ಲೋಟ ಬೆಲ್ಲದೊಂದಿಗೆ ದಪ್ಪ ತಳದ ಪಾತ್ರೆಯಲ್ಲಿ ಬಿಸಿಗಿಡಿ. ನೀರೊಡೆದು ಬೆಲ್ಲ ಕರಗಿ ಕುದಿ ಬಂದಾಗ, ಒಂದು ಲೋಟ ಅಕ್ಕಿ ತರಿ, ಅರ್ಧ ಲೋಟ ಕಾಯಿತುರಿ, ಚಿಟಿಕೆ ಉಪ್ಪು, ಏಲಕ್ಕಿ ಹಾಕಿ, ತಳ ಬಿಡುವ ತನಕ ಮಗುಚಿ. ಅಕ್ಕಿ ತರಿ ಆ ಸಿಹಿ ನೀರನ್ನು ಹೀರಿ ಉಬ್ಬುವುದನ್ನು ನೋಡುತ್ತಲೇ ಇರಬೇಕು. ಸೌಟು ನೆಟ್ಟಗೆ ನಿಲ್ಲುವ ಹದಕ್ಕೆ ಇಳಿಸಿ, ಬಾಳೆಲೆಯಲ್ಲಿ ಮಡಚಿ, ಅರ್ಧ ಗಂಟೆ ಹಬೆಯಲ್ಲಿ ಬೇಯಿಸಿ. ಬಾಳೆಲೆ ಸಿಗದಿದ್ದರೆ ತುಪ್ಪ ಸವರಿದ ಇಡ್ಲಿ ತಟ್ಟೆಯಾದೀತು. ಅರಸಿನ ಎಲೆಯೇನಾದರೂ ಕುಂಡದಲ್ಲಿ ಬೆಳೆದಿದ್ದರೆ ಒಂದನ್ನು ಕೆಳಗೆ ಹಾಸಿ.

ಟೊರಾಂಟೊ ಕಣಜ | ಆಗಸ್ಟ್ 11

ಚಳಿಗಾಲಕ್ಕೆ ಉಳಿಸಿಕೊಳ್ಳುವ ವಿಷಯ ಇನ್ನೂ ಬಂದಿಲ್ಲ. ನಮ್ಮಲ್ಲಿ ಅಕ್ಟೋಬರಿನಿಂದ ಏಪ್ರಿಲ್‌ವರೆಗೆ ಮಣ್ಣಿನಲ್ಲಿ ಏನೂ ಇರುವುದಿಲ್ಲವಾದ್ದರಿಂದ ಇದರ ಮೇಲೆ ಬಹಳ ಪ್ರಯೋಗ ಮಾಡಿದ್ದೇನೆ.

ಫ್ರೀಜರಿನಲ್ಲಿ ಹೋಳುಗಳಾಗಿ ಇಟ್ಟರೆ ಕರಗಿದ ಮೇಲೆ ಸ್ಪಂಜಿನಂತಾಗುತ್ತವೆ. ತುರಿದು ಇಡುವುದೇ ಸರಿ. ತುರಿಯನ್ನು ಇಡ್ಲಿ ಪಾತ್ರೆಯ ಹಬೆಯಲ್ಲಿ ಒಂದೆರಡು ನಿಮಿಷ ಇಟ್ಟು, ತಣ್ಣಗಾಗಿಸಿ, ಅರ್ಧ ಅರ್ಧ ಕಿಲೋದ ಚೀಲಗಳಲ್ಲಿ ಚಪ್ಪಟೆಯಾಗಿ ಒತ್ತಿಡಿ. ತೀರ್ಥಹಳ್ಳಿಯವರ ದೋಸೆಗೆ ಒಂದು ಚೀಲವೆಂದು ಲೆಕ್ಕ. ಕರಗಿದಾಗ ಬರುವ ನೀರನ್ನು ಚೆಲ್ಲದೆ ಅಕ್ಕಿಯ ಜೊತೆ ರುಬ್ಬಬೇಕು. ಫೆಬ್ರುವರಿಯ ಹಿಮದಲ್ಲಿ ಈ ದೋಸೆ ಮಾಡಿದ ದಿನ ಮನೆಯಲ್ಲಿ ಹಬ್ಬದ ವಾತಾವರಣವಿರುತ್ತದೆ.

ಬಾಟಲಿಯಲ್ಲಿ ತುಂಬಿ ಕುದಿಸಿ ಮುಚ್ಚಿಡುವ ಕ್ರಮವನ್ನು ಮಾತ್ರ ಈ ಕಾಯಿಗೆ ಅನುಸರಿಸಬೇಡಿ. ಇದರಲ್ಲಿ ಹುಳಿ ತೀರ ಕಡಿಮೆ, ಮತ್ತು ಗಾಳಿಯಿಲ್ಲದ, ಹುಳಿಯಿಲ್ಲದ ತೇವದ ಜಾಗದಲ್ಲಿ ಬೊಟುಲಿಸಂ ಎಂಬ ಮಾರಕ ಆಹಾರವಿಷಬಾಧೆಯನ್ನು ಉಂಟುಮಾಡುವ ಜೀವಾಣು ಬೆಳೆಯುತ್ತದೆ. ಅಮೆರಿಕದ ಕೃಷಿ ಇಲಾಖೆಯು ಹಿಂದೆ ಕೊಟ್ಟಿದ್ದ ಇಂತಹ ವಿಧಾನವನ್ನು ಹಿಂದಕ್ಕೆ ಪಡೆದಿದೆ. ಎಣ್ಣೆಯಲ್ಲಿ ಮುಳುಗಿಸಿದ ಉಪ್ಪಿನಕಾಯಿಗೂ ಇದೇ ಕಾರಣ ಅನ್ವಯಿಸುತ್ತದೆ. ಮಾವಿಗೆ, ನಿಂಬೆಗೆ ಸ್ವಂತ ಹುಳಿಯಿದೆ, ಇದಕ್ಕಿಲ್ಲ. ಹಾಕಿದರೂ ನಿಂಬೆರಸ ಧಾರಾಳವಾಗಿ ಹಿಂಡಿ, ಫ್ರಿಜ್ಜಿನಲ್ಲಿಟ್ಟು, ನಾಲ್ಕೈದು ದಿನಗಳಲ್ಲಿ ಮುಗಿಸಿ.

ನನಗೆ ತುಂಬ ಸಂತೋಷ ಕೊಟ್ಟದ್ದು ಸಂಡಿಗೆ. ಬೂದುಗುಂಬಳದ ಸಂಡಿಗೆಯ ಕ್ರಮವೇ: 250 ಗ್ರಾಂ ಉದ್ದಿನಬೇಳೆಯನ್ನು ನೆನೆಸಿ, ಹಸಿಮೆಣಸಿನಕಾಯಿ, ಇಂಗು, ಉಪ್ಪಿನೊಂದಿಗೆ ಆದಷ್ಟು ಕಡಿಮೆ ನೀರಿನಲ್ಲಿ ರುಬ್ಬಿ, ಒಂದು ಕಿಲೋ ಬಲಿತ ಕಾಯಿಯ ತುರಿಯನ್ನು ಬಲವಾಗಿ ಹಿಂಡಿ ಬೆರೆಸಿ, ನೆಲ್ಲಿಕಾಯಿಗಿಂತ ಚಿಕ್ಕದಾಗಿ ಇಡಬೇಕು. ಊರಿನ ಏಪ್ರಿಲ್ ಬಿಸಿಲು ನಮಗಿಲ್ಲ. ಹಣ್ಣು ಒಣಗಿಸುವ ಯಂತ್ರದಲ್ಲಿ 60 ಡಿಗ್ರಿ ಶಾಖಕ್ಕೆ ಇಟ್ಟು, ಅರ್ಧ ದಾರಿಯಲ್ಲಿ ಮಗುಚಿ, ಮುರಿದರೆ ಟಕ್ಕೆಂದು ಸದ್ದು ಬರುವವರೆಗೆ ಒಣಗಿಸುತ್ತೇನೆ. ಮೊದಲ ವರ್ಷ ಹೊರಗೆ ಗಟ್ಟಿ, ಒಳಗೆ ಹಸಿ ಉಳಿದು ಪೂರ್ತಿ ಡಬ್ಬಿ ಬೂಷ್ಟು ಹಿಡಿದಿತ್ತು. ಈಗ ಪ್ರತಿ ತಟ್ಟೆಯಿಂದ ಒಂದನ್ನು ಮುರಿದು ನಡುಭಾಗವನ್ನು ನೋಡದೆ ಡಬ್ಬಿಗೆ ತುಂಬುವುದಿಲ್ಲ.

ರೆಡಿಂಗ್ ಹಿತ್ತಲು | ಸೆಪ್ಟೆಂಬರ್ 2

ಬೀಜ ಉಳಿಸುವ ಯೋಚನೆಯನ್ನು ಬಿಟ್ಟಿದ್ದೇನೆ. ಮೇಷ್ಟ್ರು ಹೇಳಿದ ಮೇಲೆ ನೋಡಿದರೆ, ನಮ್ಮಿಂದ ನಾಲ್ಕನೆಯ ತುಂಡಿನಲ್ಲಿಯೇ ಅಲಂಕಾರದ ಕುಂಬಳದ ಬಳ್ಳಿಯಿದೆ. ಕಾಯಿ ಹೆಚ್ಚುವ ಮುನ್ನ ಚೂರು ಕಚ್ಚಿ ನೋಡುವುದನ್ನು ಮಗಳಿಗೂ ಕಲಿಸಿದ್ದೇನೆ. ಕಡುಬನ್ನು ಎರಡು ಬಾರಿ ಮಾಡಿದೆ. ಮೊದಲ ಬಾರಿ ಬೇಗನೆ ಇಳಿಸಿ ಮುದ್ದೆಯಾಯಿತು, ಎರಡನೆಯ ಬಾರಿ ಸೌಟು ನಿಂತಿತು, ಕಡುಬೂ ನಿಂತಿತು.

ಗಿಡಗಳ ಎಲೆಗೆ ಈಗ ಬೂದಿರೋಗ ಹಿಡಿದಿದೆ, ಆದರೂ ಕಾಯಿ ಬರುತ್ತಲೇ ಇದೆ. ನಮ್ಮ ಊರಿನ ಕನ್ನಡಿಗರ ಗಣೇಶನ ಹಬ್ಬದ ಸಂತರ್ಪಣೆಗೆ ಸುಮಾರು ನೂರು ಜನ ಸೇರುತ್ತಾರೆ. ಅದಕ್ಕೆ ಈ ಬಾರಿ ತರಕಾರಿ ನನ್ನ ತೋಟದ್ದು ಎಂದು ಒಪ್ಪಿಕೊಂಡಿದ್ದೇನೆ. ಮಜ್ಜಿಗೆಹುಳಿ ಮಾಡೋಣವೆಂದಿದೆ. ಕಾಯಿ 6 ಕಿಲೋ, ಮೊಸರು 6 ಲೀಟರ್, ತೆಂಗಿನತುರಿ ಒಂದು ಕಿಲೋ, ಕಡಲೆಬೇಳೆ 400 ಗ್ರಾಂ ಎಂದು ಲೆಕ್ಕ ಹಾಕಿದ್ದೇನೆ. ಮನೆಯಲ್ಲಿ ನಾಲ್ವರಿಗೆ ಮಾಡಿ ಗೊತ್ತು, ಇಷ್ಟು ದೊಡ್ಡ ಪಾತ್ರೆಯಲ್ಲಿ ಮೊಸರು ಒಡೆದೀತೆಂಬ ಆತಂಕವಿದೆ. ತೀರ್ಥಹಳ್ಳಿಯ ಅಮ್ಮನವರು ದಾರಿ ತೋರಿಸಬೇಕು.

ತೀರ್ಥಹಳ್ಳಿ ಒಲೆ | ಸೆಪ್ಟೆಂಬರ್ 2

ಲೆಕ್ಕ ಸರಿಯಿದೆ. ಹಸಿಮೆಣಸಿನಕಾಯಿ 150 ಗ್ರಾಂ, ಶುಂಠಿ 100 ಗ್ರಾಂ, ಜೀರಿಗೆ ಒಂದು ಹಿಡಿ ಸೇರಿಸಿಕೊಳ್ಳಿ. ಮೊಸರನ್ನು ಕಡೆದು ಮೊದಲೇ ಹೊರಗೆ ತೆಗೆದಿಡಿ. ಫ್ರಿಜ್ಜಿನಿಂದ ತೆಗೆದ ತಣ್ಣನೆಯದನ್ನು ಬಿಸಿಗೆ ಸುರಿದರೆ ಒಡೆಯುತ್ತದೆ. ಹೋಳುಗಳನ್ನು ಅರಿಸಿನ, ಉಪ್ಪಿನೊಂದಿಗೆ ಬರಿಯ ಪಾತ್ರೆಗೆ ಹಾಕಿ ಮುಚ್ಚಿ, ತಳಕ್ಕೆ ಮಾತ್ರ ಎರಡು ಲೋಟ ನೀರು ಚಿಮುಕಿಸಿ. ಉಳಿದ ನೀರನ್ನು ಕಾಯಿಯೇ ಕೊಡುತ್ತದೆ. ಮುಕ್ಕಾಲು ಬೆಂದಾಗ ರುಬ್ಬಿದ ಮಸಾಲೆಯನ್ನು ಹಾಕಿ ಒಂದು ಕುದಿ ಬರಿಸಿ. ನೆನೆದ ಕಡಲೆಬೇಳೆ ಅದರಲ್ಲಿರುವುದರಿಂದ ರಸ ಗಟ್ಟಿಯಾಗಿ ಮೊಸರನ್ನು ಹಿಡಿದುಕೊಳ್ಳುತ್ತದೆ.

ಆಮೇಲೆ ಉರಿಯನ್ನು ಪೂರ್ತಿ ಆರಿಸಿ ಹತ್ತು ನಿಮಿಷ ಬಿಡಿ. ದೊಡ್ಡ ಪಾತ್ರೆ ಬಿಸಿಯನ್ನು ಬಹಳ ಹೊತ್ತು ಹಿಡಿದಿಡುತ್ತದೆ, ಮನೆಯ ಪಾತ್ರೆಯ ಅಂದಾಜು ಅಲ್ಲಿ ನಡೆಯುವುದಿಲ್ಲ. ಎರಡು ಸೌಟು ಬಿಸಿ ರಸವನ್ನು ಮೊದಲು ಮೊಸರಿಗೆ ಬೆರೆಸಿ, ಆ ಮೊಸರನ್ನು ಪಾತ್ರೆಗೆ ಸಣ್ಣ ಧಾರೆಯಲ್ಲಿ ಹೊಯ್ಯುತ್ತ, ಇನ್ನೊಬ್ಬರು ಒಂದೇ ದಿಕ್ಕಿಗೆ ಕೈಯಾಡಿಸುತ್ತಿರಲಿ. ಮತ್ತೆ ಒಲೆ ಹಚ್ಚಬೇಡಿ. ಒಗ್ಗರಣೆಗೆ ತೆಂಗಿನೆಣ್ಣೆ, ಸಾಸಿವೆ, ಒಣಮೆಣಸು, ಕರಿಬೇವು. ಬಡಿಸುವ ಹೊತ್ತಿಗೆ ಹೋಳು ಸರಿಯಾದ ಹದಕ್ಕೆ ಬಂದಿರುತ್ತದೆ.